ಅಳೆದರೆ ಉಳಿಯುವುದೆ? – ಮನೆಯ ವಿದ್ಯುತ್ ನಿಗಾ ಸಾಧನಗಳ ಒಂದು ವಿಮರ್ಶೆ

ಪ್ರೌಢಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಗಳಿಗೆ ಹಲವು ವರ್ಷಗಳಿಂದ ತೀರ್ಪುಗಾರನಾಗಿ ಹೋಗುತ್ತಿದ್ದೇನೆ. ಹಿಂದೆಲ್ಲ ಅಲ್ಲಿ ಜ್ವಾಲಾಮುಖಿ, ಮಳೆನೀರು ಸಂಗ್ರಹ, ಗೋಬರ್ ಅನಿಲ ಸ್ಥಾವರಗಳ ಮಾದರಿಗಳು ಸಾಲುಗಟ್ಟಿರುತ್ತಿದ್ದವು. ಈಗ ಅವುಗಳ ನಡುವೆ 'ಸ್ಮಾರ್ಟ್ ಮನೆ' ಬಂದು ಕುಳಿತಿದೆ. ಥರ್ಮೊಕೋಲಿನ ಮನೆ, ಒಳಗೆ ಎರಡು ಎಲ್‌ಇಡಿ ಬಲ್ಬು, ಒಂದು ಪುಟ್ಟ ಫ್ಯಾನು, ಪಕ್ಕದಲ್ಲಿ ಆರ್ಡುಯಿನೊ ಫಲಕ, ಅದಕ್ಕೆ ಜೋಡಿಸಿದ ವಿದ್ಯುತ್ ಪ್ರವಾಹ ಸಂವೇದಕ. ಮೊಬೈಲಿನ ಪರದೆಯ ಮೇಲೆ ವ್ಯಾಟ್‌ಗಳ ಅಂಕಿ ಬದಲಾಗುತ್ತಿರುತ್ತದೆ. ಭಿತ್ತಿಪತ್ರದಲ್ಲಿ ದಪ್ಪ ಅಕ್ಷರಗಳ ಘೋಷಣೆ: 'ಮನೆಯ ವಿದ್ಯುತ್ ಬಳಕೆಯಲ್ಲಿ ಶೇಕಡಾ 30 ಉಳಿತಾಯ'.

ಇಂಥದೊಂದು ಮಾದರಿಯ ಹಿಂದೆ ನಿಂತಿದ್ದ ಒಂಬತ್ತನೆಯ ತರಗತಿಯ ಹುಡುಗಿಯನ್ನು ಕೇಳಿದೆ: "ಈ ಮೂವತ್ತು ಎಲ್ಲಿಂದ ಬಂತಮ್ಮ?"

"ಇಂಟರ್‌ನೆಟ್‌ನಲ್ಲಿತ್ತು ಸರ್."

"ನಿಮ್ಮ ಮನೇಲಿ ತಿಂಗಳಿಗೆ ಎಷ್ಟು ಯೂನಿಟ್ ಖರ್ಚಾಗುತ್ತೆ?"

ಹುಡುಗಿ ತನ್ನ ಶಿಕ್ಷಕರ ಮುಖ ನೋಡಿದಳು. ಆಮೇಲೆ ಹೇಳಿದಳು: "ಗೊತ್ತಿಲ್ಲ ಸರ್. ನಮಗೆ ಬಿಲ್ಲು ಸೊನ್ನೆ ಬರುತ್ತೆ."

ಸುತ್ತ ನಿಂತಿದ್ದವರು ನಕ್ಕರು. ನಾನು ಕಡಿಮೆ ಅಂಕ ಕೊಟ್ಟೆ. ಶಿಕ್ಷಕರಿಗೆ ಬೇಸರವಾಯಿತು. "ಮಕ್ಕಳು ಇಷ್ಟು ಮಾಡಿರುವುದೇ ಹೆಚ್ಚಲ್ಲವೆ ಸರ್?" ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಈ ಶೇಕಡಾ 30ನ್ನು ಮಕ್ಕಳೇನೂ ಸೃಷ್ಟಿಸಿದ್ದಲ್ಲ. ಅಂಗಡಿಗಳಲ್ಲಿ ಮಾರುವ ನಿಗಾ ಸಾಧನಗಳ ಪೆಟ್ಟಿಗೆಯ ಮೇಲೆ, ಜಾಹೀರಾತುಗಳಲ್ಲಿ, ಒಮ್ಮೊಮ್ಮೆ ನಮ್ಮ ಉಪನ್ಯಾಸಗಳಲ್ಲಿಯೂ ಇಂಥ ಸಂಖ್ಯೆಗಳು ಓಡಾಡುತ್ತಿವೆ. ಆದ್ದರಿಂದ ವಿಮರ್ಶೆಗೆ ಒಳಪಡಬೇಕಾದದ್ದು ಆ ಹುಡುಗಿಯ ಮಾದರಿಯಲ್ಲ, ಅದರ ಹಿಂದಿರುವ ನಂಬಿಕೆ: ಬಳಕೆಯನ್ನು ಅಳೆದು ಕಣ್ಣಿಗೆ ಕಾಣಿಸಿದರೆ ಸಾಕು, ಅದು ತಾನಾಗಿ ಇಳಿಯುತ್ತದೆ ಎಂಬುದು. ಈ ನಂಬಿಕೆಗೆ ಆಧಾರವೇನು? ಅದು ನಮ್ಮ ಮನೆಗಳಿಗೆ ಎಷ್ಟರಮಟ್ಟಿಗೆ ಹೊಂದುತ್ತದೆ? ಇವೆರಡನ್ನೂ ಪರಿಶೀಲಿಸೋಣ.

ನಂಬಿಕೆಯ ಮೂಲ

1973ರ ತೈಲ ಬಿಕ್ಕಟ್ಟಿನ ಕಾಲದಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು ನ್ಯೂಜೆರ್ಸಿಯ ಟ್ವಿನ್ ರಿವರ್ಸ್ ಎಂಬ ಬಡಾವಣೆಯ ಮನೆಗಳನ್ನು ಅಧ್ಯಯನಕ್ಕೆ ಆರಿಸಿಕೊಂಡರು. ಒಂದೇ ನಕ್ಷೆಯ, ಒಂದೇ ಬಗೆಯ ಉಪಕರಣಗಳಿದ್ದ ಮನೆಗಳು ಅವು. ಆದರೂ ಒಂದು ಮನೆಯ ಇಂಧನ ಬಳಕೆ ಇನ್ನೊಂದರ ಎರಡು ಪಟ್ಟು ಇರುತ್ತಿತ್ತು. ಇಟ್ಟಿಗೆ, ಗಾರೆ, ಯಂತ್ರಗಳಷ್ಟೇ ಅಲ್ಲ, ಮನೆಯೊಳಗಿನ ಜನರ ನಡವಳಿಕೆಯೂ ಬಳಕೆಯನ್ನು ನಿರ್ಧರಿಸುತ್ತದೆ ಎಂಬುದು ಹೀಗೆ ಅಳತೆಯಿಂದ ಸ್ಪಷ್ಟವಾಯಿತು. 1977ರಲ್ಲಿ ಸೆಲಿಗ್‌ಮನ್ ಮತ್ತು ಡಾರ್ಲಿ ಎಂಬ ಮನೋವಿಜ್ಞಾನಿಗಳು ಅಲ್ಲಿನ ಕೆಲವು ಮನೆಗಳಿಗೆ ಹೆಚ್ಚುಕಡಿಮೆ ದಿನವೂ ಅವರವರ ವಿದ್ಯುತ್ ಬಳಕೆಯನ್ನು ತಿಳಿಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಮಾಹಿತಿ ಪಡೆದ ಮನೆಗಳು, ಪಡೆಯದ ಮನೆಗಳಿಗಿಂತ ಶೇಕಡಾ 10.5ರಷ್ಟು ಕಡಿಮೆ ವಿದ್ಯುತ್ ಬಳಸಿದ್ದವು.

ಇದು ಒಳ್ಳೆಯ ಪ್ರಯೋಗ. ಆದರೆ ಅದರ ಸಂದರ್ಭವನ್ನು ಗಮನಿಸಿ. ಅದು ನಡೆದದ್ದು ಬೇಸಗೆಯಲ್ಲಿ. ಆ ಮನೆಗಳಲ್ಲಿ ಇಡೀ ಮನೆಯನ್ನು ತಂಪಾಗಿಸುವ ಹವಾನಿಯಂತ್ರಕವಿತ್ತು, ವಿದ್ಯುತ್ತಿನ ದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು, ಅದನ್ನು ಏರಿಳಿಸುವ ಗುಂಡಿ ಗೋಡೆಯ ಮೇಲೆಯೇ ಇತ್ತು. ಬಳಕೆ ಹೆಚ್ಚಾಗಿದೆ ಎಂದು ತಿಳಿದವರು ಆ ಗುಂಡಿಯನ್ನು ಕೊಂಚ ತಿರುಗಿಸಿದರೆ ಸಾಕಾಗಿತ್ತು. ಮಾಹಿತಿ, ದೊಡ್ಡದೊಂದು ಹೊರೆ, ಕೈಗೆಟುಕುವ ನಿಯಂತ್ರಣ – ಈ ಮೂರೂ ಒಟ್ಟಿಗೆ ಇದ್ದುದರಿಂದ ಉಳಿತಾಯವಾಯಿತು. ಮುಂದಿನ ಪ್ರಚಾರದಲ್ಲಿ ಮೊದಲನೆಯದು ಉಳಿದುಕೊಂಡಿತು, ಮಿಕ್ಕ ಎರಡು ಮರೆತುಹೋದವು.

2006ರಲ್ಲಿ ಆಕ್ಸ್‌ಫರ್ಡಿನ ಸಾರಾ ಡಾರ್ಬಿ ಅದುವರೆಗಿನ ಅಧ್ಯಯನಗಳನ್ನು ಪರಾಮರ್ಶಿಸಿ, ಮಾಪಕದಿಂದ ಅಥವಾ ಮನೆಯೊಳಗಿನ ಪ್ರದರ್ಶಕದಿಂದ ನೇರವಾಗಿ ದೊರೆಯುವ ಮಾಹಿತಿಯಿಂದ ಶೇಕಡಾ 5ರಿಂದ 15, ಬಿಲ್ಲಿನಂಥ ಪರೋಕ್ಷ ಮಾಹಿತಿಯಿಂದ ಶೇಕಡಾ 0ಯಿಂದ 10 ಉಳಿತಾಯ ಸಾಧ್ಯವೆಂದು ಅಂದಾಜಿಸಿದರು. ಪೆಟ್ಟಿಗೆಗಳ ಮೇಲೆ ಅಚ್ಚಾದದ್ದು ಈ ವ್ಯಾಪ್ತಿಯ ಮೇಲಿನ ತುದಿ, ಕೆಲವೊಮ್ಮೆ ಅದಕ್ಕಿಂತಲೂ ಮೇಲಿನದು.

ಅನಂತರ ದೊಡ್ಡ ಪ್ರಮಾಣದ ಪರೀಕ್ಷೆಗಳು ಬಂದವು. ಬ್ರಿಟನ್ನಿನಲ್ಲಿ 2007ರಿಂದ 2010ರವರೆಗೆ ನಾಲ್ಕು ವಿದ್ಯುತ್-ಅನಿಲ ಕಂಪನಿಗಳ ಮೂಲಕ ಸುಮಾರು 60,000 ಮನೆಗಳಲ್ಲಿ ಪ್ರಯೋಗ ನಡೆಯಿತು. ಅವುಗಳಲ್ಲಿ ಸುಮಾರು 18,000 ಮನೆಗಳಿಗೆ ಸ್ಮಾರ್ಟ್ ಮೀಟರ್ ಹಾಕಲಾಗಿತ್ತು. 2011ರಲ್ಲಿ ಹೊರಬಂದ ಅಂತಿಮ ವರದಿಯ ಪ್ರಕಾರ, ಸ್ಮಾರ್ಟ್ ಮೀಟರಿನ ಜೊತೆಗೆ ಕ್ಷಣಕ್ಷಣದ ಪ್ರದರ್ಶಕವೂ ಇದ್ದ ಮನೆಗಳಲ್ಲಿ ವಿದ್ಯುತ್ ಉಳಿತಾಯ ಸಾಮಾನ್ಯವಾಗಿ ಶೇಕಡಾ 3ರ ಆಸುಪಾಸು. ನೆದರ್ಲೆಂಡ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಮೊದಲ ನಾಲ್ಕು ತಿಂಗಳಲ್ಲಿ ಶೇಕಡಾ 7.8 ಉಳಿತಾಯ ಕಂಡಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅದು ಉಳಿಯಲಿಲ್ಲ. ಹೊಸ ಸಾಧನವನ್ನು ಮೊದಲ ವಾರ ಮನೆಮಂದಿಯೆಲ್ಲ ನೋಡುತ್ತಾರೆ, ಮೂರನೆಯ ತಿಂಗಳಲ್ಲಿ ಅದರ ಮೇಲೆ ದೂಳು ಕೂರುತ್ತದೆ. ದೊಡ್ಡ ಕಂಪನಿಗಳಿಗೂ ಇದೇ ಅನುಭವ. ಗೂಗಲ್ 2009ರಲ್ಲಿ ಪ್ರಕಟಿಸಿದ 'ಪವರ್‌ಮೀಟರ್' ಸೇವೆಯನ್ನು 2011ರಲ್ಲಿ ನಿಲ್ಲಿಸಿತು. ಮೈಕ್ರೋಸಾಫ್ಟ್ ಅದೇ 2009ರಲ್ಲಿ ತಂದ 'ಹೋಮ್' ಎಂಬ ಸೇವೆಯೂ 2012ರಲ್ಲಿ ಮುಚ್ಚಿತು.

ಶೇಕಡಾ 3 ಕಡೆಗಣಿಸಬೇಕಾದ ಸಂಖ್ಯೆಯೇನಲ್ಲ. ಕೋಟ್ಯಂತರ ಮನೆಗಳಿಗೆ ಅನ್ವಯಿಸಿದರೆ ಅದು ದೊಡ್ಡ ಮೊತ್ತ. ಆದರೆ 3 ಮತ್ತು 30ರ ನಡುವಿನ ಅಂತರ ಒಂದು ಸೊನ್ನೆಯದು. ಆ ಸೊನ್ನೆಯನ್ನು ಮಕ್ಕಳ ಭಿತ್ತಿಪತ್ರಕ್ಕೆ ಸೇರಿಸಿಕೊಟ್ಟವರು ನಾವು, ದೊಡ್ಡವರು.

ಸಂವೇದಕ ನಿಜಕ್ಕೂ ಏನನ್ನು ಅಳೆಯುತ್ತದೆ?

ಈಗ ಆ ಮಾದರಿಯ ಒಳಗೆ ಇಣುಕೋಣ. ಶಾಲಾ ಮಾದರಿಗಳಲ್ಲಿ ಹೆಚ್ಚಾಗಿ ಕಾಣುವುದು ಎಸಿಎಸ್ 712 ಎಂಬ ಅಗ್ಗದ ಸಂವೇದಕ. ತಂತಿಯಲ್ಲಿ ಹರಿಯುವ ಪ್ರವಾಹದಿಂದ ಉಂಟಾಗುವ ಕಾಂತಕ್ಷೇತ್ರವನ್ನು ಅದು ಹಾಲ್ ಪರಿಣಾಮದ ಮೂಲಕ ಗುರುತಿಸಿ ವೋಲ್ಟೇಜ್ ಆಗಿ ಕೊಡುತ್ತದೆ. 30 ಆಂಪೇರ್ ವ್ಯಾಪ್ತಿಯ ಮಾದರಿಯಲ್ಲಿ ಪ್ರತಿ ಆಂಪೇರಿಗೆ 66 ಮಿಲಿವೋಲ್ಟ್. ಸಾಮಾನ್ಯ ಆರ್ಡುಯಿನೊ ಫಲಕವು 0ಯಿಂದ 5 ವೋಲ್ಟ್‌ವರೆಗಿನ ವ್ಯಾಪ್ತಿಯನ್ನು 1024 ಮೆಟ್ಟಿಲುಗಳಾಗಿ ವಿಭಜಿಸುತ್ತದೆ. ಒಂದು ಮೆಟ್ಟಿಲೆಂದರೆ ಸುಮಾರು 4.9 ಮಿಲಿವೋಲ್ಟ್. ಇದನ್ನು 66ರಿಂದ ಭಾಗಿಸಿದರೆ 0.074 ಆಂಪೇರ್. 230 ವೋಲ್ಟ್‌ನಿಂದ ಗುಣಿಸಿದರೆ 17 ವ್ಯಾಟ್. ಅಂದರೆ ಈ ವ್ಯವಸ್ಥೆಗೆ 17 ವ್ಯಾಟ್‌ಗಿಂತ ಸಣ್ಣ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಒಂದು ಮೆಟ್ಟಿಲಿಗೂ ಸಾಲದು! 5 ಆಂಪೇರ್ ವ್ಯಾಪ್ತಿಯ ಸಂವೇದಕ ಬಳಸಿದರೆ ಮೆಟ್ಟಿಲು 6 ವ್ಯಾಟ್‌ಗೆ ಇಳಿಯುತ್ತದೆ. ಆದರೆ ಸುಮಾರು 9 ಆಂಪೇರ್ ಎಳೆಯುವ 2 ಕಿಲೊವ್ಯಾಟ್ ಗೀಸರನ್ನು ಅಳೆಯಲು ಅದಕ್ಕೆ ಆಗುವುದಿಲ್ಲ. ಹಲವು ಅಳತೆಗಳ ಸರಾಸರಿ ತೆಗೆದು ಇದನ್ನು ಸ್ವಲ್ಪ ಸುಧಾರಿಸಬಹುದು. ಆದರೆ ಪರದೆಯ ಮೇಲೆ '9.37 ವ್ಯಾಟ್' ಎಂದು ಎರಡು ದಶಮಾಂಶ ಸ್ಥಾನಗಳವರೆಗೆ ತೋರಿಸಿದರೆ ಅದು ಅಳತೆಯಲ್ಲ, ಅಲಂಕಾರ.

ಎರಡನೆಯ ತಪ್ಪು ಇದಕ್ಕಿಂತ ಮೂಲಭೂತವಾದದ್ದು. ಮನೆಗೆ ಬರುವುದು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್. ಯಾವುದೋ ಒಂದು ಕ್ಷಣದ ಪ್ರವಾಹವನ್ನು ಓದಿ ಅದನ್ನೇ ಬಳಕೆ ಎಂದರೆ ಅರ್ಥವಿಲ್ಲ. ಒಂದು ಆವರ್ತದುದ್ದಕ್ಕೂ ಹಲವು ಸಲ ಅಳೆದು ವರ್ಗಗಳ ಸರಾಸರಿಯ ವರ್ಗಮೂಲ ತೆಗೆಯಬೇಕು. ಇದನ್ನು ಮಾಡಿದ ಮೇಲೂ ಅನೇಕರು ಉತ್ತರವನ್ನು 230ರಿಂದ ಗುಣಿಸಿ ಬಿಡುತ್ತಾರೆ. ನಮ್ಮ ಊರುಗಳಲ್ಲಿ ವೋಲ್ಟೇಜ್ ಸದಾ 230 ಇರುತ್ತದೆಯೆ? ಸಂಜೆ 200ಕ್ಕೆ ಇಳಿದಾಗ, 230 ವೋಲ್ಟ್‌ಗೆ 2000 ವ್ಯಾಟ್ ಎಂದು ಬರೆದಿರುವ ಗೀಸರ್ ನಿಜವಾಗಿ ಬಳಸುವುದು ಸುಮಾರು 1510 ವ್ಯಾಟ್. ಆಗಿನ ಪ್ರವಾಹವನ್ನು 230ರಿಂದ ಗುಣಿಸಿದರೆ ಬರುವುದು 1740. ಅಂದರೆ ಶೇಕಡಾ 15ರಷ್ಟು ದೋಷ. ಅಳತೆಯಲ್ಲೇ 15 ತಪ್ಪಿರುವಾಗ ಶೇಕಡಾ 3ರ ಉಳಿತಾಯವನ್ನು ಇದರಿಂದ ಗುರುತಿಸುವುದು ಹೇಗೆ?

ಮೂರನೆಯದು ಸಾಮರ್ಥ್ಯ ಗುಣಾಂಕ. ಫ್ಯಾನು, ಪಂಪು, ಫ್ರಿಜ್‌ಗಳಲ್ಲಿರುವ ಮೋಟಾರುಗಳಲ್ಲಿ ಪ್ರವಾಹವು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ. ಒಂದು ಮೋಟಾರು 230 ವೋಲ್ಟ್‌ನಲ್ಲಿ 1 ಆಂಪೇರ್ ಎಳೆಯುತ್ತಿದ್ದು ಅದರ ಸಾಮರ್ಥ್ಯ ಗುಣಾಂಕ 0.7 ಇದ್ದರೆ, ಅದು ಬಳಸುವ ನಿಜವಾದ ಸಾಮರ್ಥ್ಯ 161 ವ್ಯಾಟ್, 230 ಅಲ್ಲ. ವೋಲ್ಟೇಜ್ ಮತ್ತು ಪ್ರವಾಹ ಎರಡನ್ನೂ ಒಟ್ಟಿಗೆ ಅಳೆದು ಕ್ಷಣಕ್ಷಣಕ್ಕೂ ಗುಣಿಸುವ ಸಾಧನ ಮಾತ್ರ ಇದನ್ನು ಸರಿಯಾಗಿ ಹೇಳಬಲ್ಲದು. ಒಳ್ಳೆಯ ಸ್ಮಾರ್ಟ್ ಪ್ಲಗ್‌ಗಳು ಹೀಗೆ ಮಾಡುತ್ತವೆ. ತಂತಿಯ ಸುತ್ತ ಚಿಮ್ಮಟದಂತೆ ಕಚ್ಚಿಸುವ ಸಂವೇದಕವನ್ನಷ್ಟೇ ನಂಬಿದ ಸಾಧನಗಳು ಮಾಡುವುದಿಲ್ಲ.

ಉಳಿತಾಯದ ಡಬ್ಬಿ

ಈ ಮೂರನೆಯ ತಪ್ಪನ್ನೇ ಬಂಡವಾಳ ಮಾಡಿಕೊಂಡ ಸರಕೊಂದು ಮಾರುಕಟ್ಟೆಯಲ್ಲಿದೆ. ಸಾಕೆಟ್ಟಿಗೆ ಸಿಕ್ಕಿಸುವ, ಹಸಿರು ದೀಪವಿರುವ 'ಪವರ್ ಸೇವರ್' ಡಬ್ಬಿ. ನನ್ನ ಸಹೋದ್ಯೋಗಿಯೊಬ್ಬರು, ಅವರೂ ವಿಜ್ಞಾನದವರೇ, ಇದನ್ನು ಕೊಂಡರು. ಮಾರಲು ಬಂದವನು ಅವರೆದುರೇ ಪ್ರಯೋಗ ಮಾಡಿ ತೋರಿಸಿದ್ದನಂತೆ. ಮೋಟಾರು ಓಡುತ್ತಿದ್ದಾಗ ಆಮ್ಮೀಟರ್ 1 ಆಂಪೇರ್ ತೋರಿಸಿತು. ಡಬ್ಬಿಯನ್ನು ಸಿಕ್ಕಿಸಿದೊಡನೆ 0.7ಕ್ಕೆ ಇಳಿಯಿತು. 'ನೋಡಿ ಸಾರ್, ಶೇಕಡಾ 30!'

ಅವನು ತೋರಿಸಿದ್ದು ಸುಳ್ಳಲ್ಲ, ಹೇಳಿದ್ದು ಸುಳ್ಳು. ಡಬ್ಬಿಯೊಳಗಿರುವುದು ಮುಖ್ಯವಾಗಿ ಒಂದು ಧಾರಕ. ಮೋಟಾರಿನ ಪ್ರವಾಹ ಹಿಂದೆ ಬಿದ್ದಷ್ಟೇ ಧಾರಕದ ಪ್ರವಾಹ ಮುಂದೆ ಓಡಿ ಎರಡೂ ಸರಿದೂಗುತ್ತವೆ. ಹೊರಗಿನಿಂದ ಬರುವ ಒಟ್ಟು ಪ್ರವಾಹ ಇಳಿಯುತ್ತದೆ. ಆದರೆ ಮೋಟಾರು ಮೊದಲು 161 ವ್ಯಾಟ್ ಬಳಸುತ್ತಿತ್ತು, ಈಗಲೂ 161 ವ್ಯಾಟ್ ಬಳಸುತ್ತದೆ. ಮನೆಯ ಮೀಟರ್ ಎಣಿಸುವುದು ಕಿಲೊವ್ಯಾಟ್-ಗಂಟೆಗಳನ್ನು, ಆಂಪೇರ್‌ಗಳನ್ನಲ್ಲ. ಉಳಿಯುವುದೇನಿದ್ದರೂ ಮನೆಯೊಳಗಿನ ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಪಾಲಿನಲ್ಲಿ. ತಂತಿಯ ರೋಧ ಅರ್ಧ ಓಮ್ ಎಂದುಕೊಂಡರೆ ಆ ನಷ್ಟ 0.5 ವ್ಯಾಟ್‌ನಿಂದ 0.25ಕ್ಕೆ ಇಳಿಯುತ್ತದೆ. ಅದೂ ಡಬ್ಬಿ ಮೋಟಾರಿನ ಪಕ್ಕದಲ್ಲೇ ಇದ್ದರೆ! ಕಾರ್ಖಾನೆಗಳಲ್ಲಿ ಧಾರಕಗಳನ್ನು ಅಳವಡಿಸಲು ಬೇರೆಯೇ ಕಾರಣವಿದೆ, ಅಲ್ಲಿ ಸಾಮರ್ಥ್ಯ ಗುಣಾಂಕ ಕೆಟ್ಟರೆ ದಂಡ ತೆರಬೇಕಾಗುತ್ತದೆ. ಮನೆಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಸಹೋದ್ಯೋಗಿಯ ಮೊಬೈಲಿನಲ್ಲಿದ್ದ ನಿಗಾ ಸಾಧನ ಪ್ರವಾಹವನ್ನಷ್ಟೇ ಅಳೆಯುವಂಥದು. ಆದ್ದರಿಂದ ಅದೂ ಉಳಿತಾಯವಾಗಿದೆ ಎಂದೇ ತೋರಿಸುತ್ತಿತ್ತು. ತಿಂಗಳ ಕೊನೆಯಲ್ಲಿ ಬಿಲ್ಲು ಮಾತ್ರ ಹಾಗೆ ಹೇಳಲಿಲ್ಲ. ಒಂದು ತಪ್ಪು ಸಾಧನ ಇನ್ನೊಂದು ತಪ್ಪು ಸಾಧನಕ್ಕೆ ಸಾಕ್ಷಿ ನುಡಿಯಿತು. ವಿದ್ಯಾವಂತರ ಮನೆಯಲ್ಲೇ ಹೀಗಾದರೆ ಉಳಿದವರ ಪಾಡೇನು?

ಗಾತ್ರದ ಅರಿವು

ಬಳಕೆಯನ್ನು ಅಳೆಯುವವರಿಗೆ ಮೊದಲು ಬೇಕಾದದ್ದು ಗಾತ್ರದ ಅರಿವು. ಈ ವಿಷಯದಲ್ಲಿ ಕೇಂಬ್ರಿಜ್‌ನ ಭೌತವಿಜ್ಞಾನಿ ಡೇವಿಡ್ ಮಕಾಯ್ 2008ರಲ್ಲಿ ಪ್ರಕಟಿಸಿದ ಸುಸ್ಥಿರ ಇಂಧನ ಕುರಿತ ಪುಸ್ತಕ ಎಲ್ಲ ಶಿಕ್ಷಕರೂ ಓದಬೇಕಾದದ್ದು. ಅದನ್ನು ಅವರು ಅಂತರಜಾಲದಲ್ಲಿ ಉಚಿತವಾಗಿಯೂ ಒದಗಿಸಿದರು. 2016ರಲ್ಲಿ ತೀರಿಕೊಂಡ ಮಕಾಯ್ ತಮ್ಮ ಮನೆಯ ಮೀಟರುಗಳನ್ನು ತಾವೇ ಓದಿ ಬಳಕೆ ಇಳಿಸಿಕೊಂಡವರು, ಹಾಗಾಗಿ ಅಳತೆಯ ವಿರೋಧಿಯಲ್ಲ. ಆದರೆ ಮೊಬೈಲ್ ಚಾರ್ಜರ್ ಕಿತ್ತಿಟ್ಟು ಭೂಮಿಯನ್ನು ಉಳಿಸಿದೆವು ಎಂದುಕೊಳ್ಳುವುದನ್ನು ಅವರು ಲೆಕ್ಕದಿಂದಲೇ ಪ್ರಶ್ನಿಸಿದರು. ಒಂದು ದಿನವಿಡೀ ಚಾರ್ಜರ್ ಆರಿಸಿ ಉಳಿಸಿದ ಶಕ್ತಿ ಕಾರನ್ನು ಒಂದು ಸೆಕೆಂಡು ಓಡಿಸಿದರೆ ಮುಗಿದುಹೋಗುತ್ತದೆ ಎಂಬುದು ಅವರ ಲೆಕ್ಕ.

ನಾವು ನಮ್ಮ ಬಚ್ಚಲುಮನೆಯ ಲೆಕ್ಕ ಮಾಡೋಣ. 20 ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಬೇಕಾದ ಶಕ್ತಿ 20 × 4.186 × 20, ಅಂದರೆ ಸುಮಾರು 1674 ಕಿಲೊಜೂಲ್. ಒಂದು ಯೂನಿಟ್ ಎಂದರೆ 3600 ಕಿಲೊಜೂಲ್. ಆದ್ದರಿಂದ ಒಂದು ಬಕೆಟ್ಟಿಗೆ 0.46 ಯೂನಿಟ್. ಇಂದಿನ ಒಳ್ಳೆಯ ಚಾರ್ಜರ್, ಮೊಬೈಲ್ ಇಲ್ಲದೆ ಸುಮ್ಮನೆ ಸಾಕೆಟ್ಟಿನಲ್ಲಿದ್ದರೆ 0.2 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. ವರ್ಷಪೂರ್ತಿ ಹಾಗೆಯೇ ಬಿಟ್ಟರೆ 1.75 ಯೂನಿಟ್. ಅಂದರೆ ನಾಲ್ಕು ಬಕೆಟ್ ಬಿಸಿನೀರಿಗಿಂತಲೂ ಕಡಿಮೆ! ಚಾರ್ಜರ್ ಆರಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಅದನ್ನು ಆರಿಸಿದ ಸಮಾಧಾನದಲ್ಲಿ ಗೀಸರನ್ನು ಮರೆಯಬೇಡಿ ಎನ್ನುತ್ತಿದ್ದೇನೆ.

ನೆನಪಿಡಲು ಸುಲಭವಾದ ಸೂತ್ರ ಇದು: ವರ್ಷವಿಡೀ ಬಿಡದೆ ಎಳೆಯುವ 1 ವ್ಯಾಟ್ ಎಂದರೆ 8.76 ಯೂನಿಟ್. ಇದೇ ಸೂತ್ರವನ್ನು ನಿಗಾ ಸಾಧನಕ್ಕೂ ಅನ್ವಯಿಸಿ ನೋಡಿ. ವೈ-ಫೈ ಸಂಪರ್ಕದಲ್ಲಿ ಸದಾ ಎಚ್ಚರವಿರುವ ಸ್ಮಾರ್ಟ್ ಪ್ಲಗ್ ತಾನೇ ಸುಮಾರು 1 ವ್ಯಾಟ್ ಬಳಸುವುದಾದರೆ, ಅಂಥ ಎಂಟು ಪ್ಲಗ್‌ಗಳಿಗೆ ವರ್ಷಕ್ಕೆ 70 ಯೂನಿಟ್ ಬೇಕು. ಇದಕ್ಕೆ ಪ್ರತಿಯಾಗಿ, 75 ವ್ಯಾಟ್‌ನ ಎರಡು ಹಳೆಯ ಫ್ಯಾನುಗಳ ಬದಲು 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿ ದಿನಕ್ಕೆ 10 ಗಂಟೆ ಓಡಿಸಿದರೆ ತಿಂಗಳಿಗೆ 27 ಯೂನಿಟ್ ಉಳಿಯುತ್ತದೆ. ಅದಕ್ಕೆ ಪರದೆ ಬೇಡ, ಪ್ರತಿದಿನದ ಎಚ್ಚರವೂ ಬೇಡ. ನಮ್ಮ ದೇಶದಲ್ಲಿ ಸೀಲಿಂಗ್ ಫ್ಯಾನುಗಳಿಗೆ ನಕ್ಷತ್ರ ಗುರುತು 2023ರ ಜನವರಿಯಿಂದ ಕಡ್ಡಾಯವಾಗಿದೆ. ಕೊಳ್ಳುವ ಒಂದು ದಿನ ಆ ಚೀಟಿಯನ್ನು ಓದುವುದು, ಪರದೆಯನ್ನು ವರ್ಷವಿಡೀ ನೋಡುವುದಕ್ಕಿಂತ ಹೆಚ್ಚು ಉಳಿಸಬಲ್ಲದು.

ಗೋಡೆಯ ಮೇಲೆಯೇ ಇರುವ ಪ್ರಯೋಗಾಲಯ

ಹಾಗಾದರೆ ಮನೆಯಲ್ಲಿ ಅಳೆಯುವುದೇ ಬೇಡವೆ? ಬೇಕು. ಆದರೆ ಅದಕ್ಕೆ ಬೇಕಾದ ಸಾಧನ ಆಗಲೇ ನಿಮ್ಮ ಗೋಡೆಯ ಮೇಲಿದೆ. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಒಂದು ಕೆಂಪು ದೀಪ ಮಿನುಗುತ್ತಿರುವುದನ್ನು ನೋಡಿದ್ದೀರಿ. ಪಕ್ಕದಲ್ಲಿ ಪ್ರತಿ ಯೂನಿಟ್ಟಿಗೆ 3200 ಅಥವಾ 1600 ಮಿನುಗು ಎಂಬ ಅರ್ಥದ ಬರಹವಿರುತ್ತದೆ. 3200 ಎಂದಿದ್ದರೆ ಒಂದು ಮಿನುಗಿಗೆ 36 ಲಕ್ಷ ÷ 3200 = 1125 ಜೂಲ್. ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ಆ ಹೊತ್ತಿನಲ್ಲಿ ಮನೆ ಬಳಸುತ್ತಿರುವ ವ್ಯಾಟ್‌ಗಳು ಸಿಗುತ್ತವೆ. 1600 ಎಂದಿದ್ದರೆ 1125ರ ಬದಲು 2250. ಹತ್ತು ಮಿನುಗುಗಳ ಕಾಲ ಅಳೆದು ಹತ್ತರಿಂದ ಭಾಗಿಸಿದರೆ ಇನ್ನೂ ನಿಖರ. ಈ ಮೀಟರ್ ವೋಲ್ಟೇಜ್, ಪ್ರವಾಹ, ಸಾಮರ್ಥ್ಯ ಗುಣಾಂಕ ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎಣಿಸುತ್ತದೆ. ಮೀಟರಿನ ಮುಚ್ಚಳ ತೆಗೆಯುವುದು, ಮೊಹರು ಮುಟ್ಟುವುದು ಅಪಾಯ, ಅಪರಾಧ ಕೂಡ. ಇಲ್ಲಿ ಅದಾವುದೂ ಬೇಕಾಗಿಲ್ಲ, ದೂರ ನಿಂತು ನೋಡಿದರೆ ಸಾಕು.

ನಮ್ಮ ಮನೆಯಲ್ಲಿ ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ದೀಪ-ಫ್ಯಾನುಗಳನ್ನು ಆರಿಸಿ, ಫ್ರಿಜ್ ಸುಮ್ಮನಿದ್ದ ಹೊತ್ತು ನೋಡಿ ಎಣಿಸಿದೆ. ಹತ್ತು ಮಿನುಗುಗಳಿಗೆ 150 ಸೆಕೆಂಡು. ಒಂದಕ್ಕೆ 15. ಅಂದರೆ 75 ವ್ಯಾಟ್! 'ಏನೂ ನಡೆಯುತ್ತಿಲ್ಲ' ಎಂದುಕೊಂಡ ಮನೆ ತಿಂಗಳಿಗೆ 54 ಯೂನಿಟ್ ಬಳಸುತ್ತಿತ್ತು. ಒಂದೊಂದನ್ನೇ ಆರಿಸುತ್ತ ಬಂದೆ. ಸೆಟ್ ಟಾಪ್ ಬಾಕ್ಸ್ ಸುಮಾರು 12, ಇಂಟರ್‌ನೆಟ್ ಪೆಟ್ಟಿಗೆಗಳು 10, ಹಳೆಯ ಕಂಪ್ಯೂಟರಿನ ಯುಪಿಎಸ್ 13. ಉಳಿದ 40 ವ್ಯಾಟ್ ಇನ್ವರ್ಟರಿನದು. ಅದರ ಮುದಿ ಬ್ಯಾಟರಿ ಎಷ್ಟು ಚಾರ್ಜ್ ಆದರೂ ತೃಪ್ತಿಯಿಲ್ಲದೆ ಎಳೆಯುತ್ತಲೇ ಇತ್ತು. ಬ್ಯಾಟರಿ ಬದಲಿಸಿದ ಮೇಲೆ ಆ ಎಳೆತ ಅರ್ಧಕ್ಕಿಂತಲೂ ಕೆಳಗಿಳಿಯಿತು. ಯುಪಿಎಸ್‌ಗೆ ನಿವೃತ್ತಿ ಕೊಟ್ಟೆ. ಖರ್ಚಾದದ್ದು ಒಂದು ಗಂಟೆ, ಒಂದು ಹಾಳೆ.

ಒಂದೇ ಮೀಟರಿನಿಂದ ಬೇರೆ ಬೇರೆ ಉಪಕರಣಗಳನ್ನು ಗುರುತಿಸುವ ಈ ಉಪಾಯ ಹೊಸದಲ್ಲ. 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ ಮತ್ತು ಸಂಗಡಿಗರು ಇದನ್ನೇ ಯಾಂತ್ರಿಕವಾಗಿ ಸಾಧಿಸಿದರು. ಪ್ರತಿಯೊಂದು ಉಪಕರಣ ಹೊತ್ತಿದಾಗ ಒಟ್ಟು ಬಳಕೆಯಲ್ಲಿ ಅದರದೇ ಎತ್ತರದ ಮೆಟ್ಟಿಲು ಮೂಡುತ್ತದೆ. ಆ ಮೆಟ್ಟಿಲುಗಳನ್ನು ಗಣಕ ಓದುತ್ತದೆ. ಹಾರ್ಟ್ 1992ರಲ್ಲಿ ಬರೆದ ಪ್ರಬಂಧ ಇಂದಿನ ಅನೇಕ ನಿಗಾ ಸಾಧನಗಳ ತಳಹದಿ. ಇದರ ಇನ್ನೊಂದು ಮುಖವೂ ಇದೆ. ಬಳಕೆಯ ನಕ್ಷೆ ನೋಡಿದವರಿಗೆ ಮನೆಯವರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವಾಗ ಊರಿಗೆ ಹೋಗಿದ್ದಾರೆ ಎಂಬುದೂ ತಿಳಿಯುತ್ತದೆ. ಆ ಮಾಹಿತಿ ಯಾರ ಕೈಯಲ್ಲಿರುತ್ತದೆ ಎಂದು ಕೇಳುವ ಹಕ್ಕು ಬಳಕೆದಾರನಿಗಿದೆ.

ಈ ಪ್ರಶ್ನೆ ಈಗ ದೂರದ್ದಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ವಿತರಣಾ ವಲಯದ ಯೋಜನೆಯಡಿ 25 ಕೋಟಿ ಸ್ಮಾರ್ಟ್ ಮೀಟರುಗಳ ಗುರಿ ಇಟ್ಟುಕೊಂಡಿತು. ದಿನದ ಹೊತ್ತಿಗೆ ತಕ್ಕಂತೆ ದರ ವಿಧಿಸುವ ನಿಯಮಗಳು 2023ರಲ್ಲಿ ಬಂದವು. ಬಿಸಿಲಿರುವ ಹೊತ್ತಿನಲ್ಲಿ ಅಗ್ಗ, ಸಂಜೆಯ ಒತ್ತಡದ ಹೊತ್ತಿನಲ್ಲಿ ದುಬಾರಿ ಎಂಬುದು ಅದರ ತಿರುಳು. ದರ ಹೀಗೆ ಬದಲಾಗುವ ಕಡೆ, ಹವಾನಿಯಂತ್ರಕ, ಗೀಸರ್, ಪಂಪ್, ಚಾವಣಿಯ ಸೌರಫಲಕಗಳಿರುವ ಮನೆಗಳಲ್ಲಿ, ನಿಗಾ ಸಾಧನಕ್ಕೆ ನಿಜವಾದ ಕೆಲಸವಿದೆ. ಏಕೆಂದರೆ ಅಲ್ಲಿ ಟ್ವಿನ್ ರಿವರ್ಸ್‌ನ ಮೂರೂ ಅಂಶಗಳು ಸೇರುತ್ತವೆ. ಎರಡು ಫ್ಯಾನು, ನಾಲ್ಕು ದೀಪಗಳ ಮನೆಗೆ ಅದೇ ಸಾಧನವನ್ನು ಅದೇ ಭರವಸೆಯೊಂದಿಗೆ ಮಾರುವುದು ಸರಿಯಲ್ಲ. ಜ್ವರಮಾಪಕ ಎಲ್ಲರ ಮನೆಯಲ್ಲೂ ಇರಬಹುದು. ಅದರಿಂದ ಜ್ವರ ಇಳಿಯುತ್ತದೆ ಎಂದು ಹೇಳಬಾರದಷ್ಟೆ.

ಹುಡುಗಿಯ ನೋಟ್ ಪುಸ್ತಕ

ಪ್ರದರ್ಶನದ ದಿನ ಹೊರಡುವ ಮುಂಚೆ ಆ ಹುಡುಗಿಗೂ ಅವಳ ಶಿಕ್ಷಕರಿಗೂ ಮಿನುಗುದೀಪದ ಲೆಕ್ಕ ಹೇಳಿಕೊಟ್ಟಿದ್ದೆ. ಕಡಿಮೆ ಅಂಕ ಕೊಟ್ಟ ಅಳುಕೂ ಇತ್ತೆನ್ನಿ. ಎರಡು ತಿಂಗಳ ಬಳಿಕ ಶಿಕ್ಷಕರು ಅವಳನ್ನು ನಮ್ಮ ಕಾಲೇಜಿಗೆ ಕರೆತಂದರು. ಕೈಯಲ್ಲೊಂದು ನೋಟ್ ಪುಸ್ತಕ. ದಿನವೂ ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಮೀಟರಿನ ಅಂಕಿ ಬರೆದಿದ್ದಳು. ಮಧ್ಯದಲ್ಲಿ ಎರಡು ದಿನ ಬರೆದಿರಲಿಲ್ಲ. 'ಊರಿಗೆ ಹೋಗಿದ್ದೆವು' ಎಂದು ಅಲ್ಲಿ ನಮೂದಿಸಿದ್ದಳು. ಅದನ್ನು ನೋಡಿಯೇ ನನಗೆ ಅರ್ಧ ಸಂತೋಷವಾಯಿತು.

ಅವಳ ಮನೆಯ ಬಳಕೆ ತಿಂಗಳಿಗೆ 42 ಯೂನಿಟ್. ಎರಡು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬು, ಒಂದು ಟಿವಿ, ಒಂದು ಮಿಕ್ಸಿ. ಫ್ರಿಜ್ ಇಲ್ಲ, ನೀರು ಕಾಯುವುದು ಸೌದೆ ಒಲೆಯಲ್ಲಿ. ಒಂದು ಮಧ್ಯಾಹ್ನ ಎಲ್ಲವನ್ನೂ ಆರಿಸಿದ ಮೇಲೂ ಮೀಟರಿನ ದೀಪ ಎರಡು ನಿಮಿಷಕ್ಕೊಮ್ಮೆ ಮಿನುಗುವುದನ್ನು ಕಂಡಳು. ಲೆಕ್ಕ ಹಾಕಿದರೆ ಸುಮಾರು 10 ವ್ಯಾಟ್. ಅದು ಸೆಟ್ ಟಾಪ್ ಬಾಕ್ಸಿನದು. ರಿಮೋಟಿನಲ್ಲಿ ಆರಿಸಿದರೂ ಅದು ಎಳೆಯುತ್ತಲೇ ಇತ್ತು. ಟಿವಿ ನೋಡುವ ಮೂರೂವರೆ ಗಂಟೆ ಬಿಟ್ಟು ಉಳಿದ ಹೊತ್ತು ಗೋಡೆಯ ಸ್ವಿಚ್ಚಿನಲ್ಲೇ ಆರಿಸಿದ್ದರಿಂದ ಮರುತಿಂಗಳು ಸುಮಾರು 6 ಯೂನಿಟ್ ಇಳಿಯಿತು.

"ಮೂವತ್ತು ಬರಲಿಲ್ಲ ಸರ್, ಹದಿನಾಲ್ಕು ಬಂತು," ಎಂದಳು. ಆ ಹದಿನಾಲ್ಕು ಅವಳದೇ. ಯಾರು ಬೇಕಾದರೂ ಹೋಗಿ ಪರೀಕ್ಷಿಸಬಹುದಾದದ್ದು.

ಆಮೇಲೆ ಕೇಳಿದಳು: "ನಮ್ಮಜ್ಜಿ ಮಲಗೋ ಕೋಣೆಗೆ ಫ್ಯಾನ್ ಇಲ್ಲ ಸರ್. ಹಾಕಿದರೆ ಉಳಿಸಿದ್ದೆಲ್ಲ ಹೋಗುತ್ತಲ್ಲ?"

ಈ ಪ್ರಶ್ನೆಯನ್ನು ಯಾವ ನಿಗಾ ಸಾಧನವೂ ಕೇಳುವುದಿಲ್ಲ. 1865ರಷ್ಟು ಹಿಂದೆಯೇ ಇಂಗ್ಲೆಂಡಿನ ಜೆವನ್ಸ್, ಉಗಿಯಂತ್ರಗಳ ದಕ್ಷತೆ ಹೆಚ್ಚಿದಷ್ಟೂ ಕಲ್ಲಿದ್ದಲ ಬಳಕೆ ಏರುತ್ತದೆ ಎಂದು ಎಚ್ಚರಿಸಿದ್ದ. ಉಳಿಸಿದ್ದು ಮತ್ತೊಂದು ದಾರಿಯಲ್ಲಿ ಖರ್ಚಾಗುವುದನ್ನು ಅರ್ಥಶಾಸ್ತ್ರಜ್ಞರು ನಷ್ಟದ ಕಡೆಗೆ ಬರೆಯುತ್ತಾರೆ. ಆದರೆ ಫ್ಯಾನಿಲ್ಲದೆ ಬೇಸಗೆ ಕಳೆಯುವ ಅಜ್ಜಿಯ ಲೆಕ್ಕ ಬೇರೆ. ನಾವು ಮೂವರೂ ಕುಳಿತು ಗುಣಿಸಿದೆವು. ರಾತ್ರಿ ಆರು ಗಂಟೆ ಓಡುವ 75 ವ್ಯಾಟ್‌ನ ಫ್ಯಾನಿಗೆ ತಿಂಗಳಿಗೆ 13.5 ಯೂನಿಟ್. 30 ವ್ಯಾಟ್‌ನದಕ್ಕೆ 5.4. ಸೆಟ್ ಟಾಪ್ ಬಾಕ್ಸ್ ವ್ಯರ್ಥ ಮಾಡುತ್ತಿದ್ದುದು 6. ಅಂದರೆ ಯಾರೂ ನೋಡದ ಪೆಟ್ಟಿಗೆಗೆ ಹೋಗುತ್ತಿದ್ದ ವಿದ್ಯುತ್ತಿನಲ್ಲಿ ಅಜ್ಜಿಗೆ ರಾತ್ರಿಯಿಡೀ ಗಾಳಿ ಸಿಗುತ್ತದೆ, ಮೀಟರಿಗೆ ಅದರ ಸುಳಿವೂ ಹತ್ತುವುದಿಲ್ಲ.

ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆ ಬಂದದ್ದು 2023ರಲ್ಲಿ. ಅನೇಕ ಮನೆಗಳಿಗೆ ಬಿಲ್ಲು ಸೊನ್ನೆ. ಬಡವರ ಮನೆಗೆ ಅದರಿಂದ ಆದ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಲ್ಲಿನ ಕೊನೆಯ ಸಾಲಿನಲ್ಲಿ ಸೊನ್ನೆಯಿದ್ದರೂ ಮೇಲಿನ ಸಾಲಿನಲ್ಲಿ ಯೂನಿಟ್‌ಗಳ ಸಂಖ್ಯೆ ಇದ್ದೇ ಇರುತ್ತದೆ. ಅದನ್ನು ಓದುವ ಅಭ್ಯಾಸ ತಪ್ಪಿಹೋಗಬಾರದು. ಬಿಲ್ಲಿನಲ್ಲಿರುವ ಸೊನ್ನೆ ಹಣದ್ದು, ಶಕ್ತಿಯದಲ್ಲ.

ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೆ. ಮುಂದಿನ ಪ್ರದರ್ಶನಕ್ಕೆ 'ಸ್ಮಾರ್ಟ್ ಮನೆ' ಮಾಡಿಸುವುದಾದರೆ ಮಾಡಿಸಿ, ಸರ್ಕ್ಯೂಟ್ ಕಲಿಯಲು ಅದು ಒಳ್ಳೆಯ ದಾರಿ. ಆದರೆ ಅದರ ಓದಿಕೆಯನ್ನು ಮನೆಯ ಮೀಟರಿನೊಂದಿಗೆ ಹೋಲಿಸಿ, ಎಷ್ಟು ದೋಷವಿದೆ ಎಂಬುದನ್ನೂ ಭಿತ್ತಿಪತ್ರದಲ್ಲಿ ಬರೆಸಿ. ಉಳಿತಾಯದ ಸಂಖ್ಯೆ ಬರೆಯುವ ಮುಂಚೆ ಒಂದು ತಿಂಗಳು ಮೊದಲಿನ, ಒಂದು ತಿಂಗಳು ಅನಂತರದ ಅಂಕಿಗಳನ್ನು ಕೇಳಿ. ಉತ್ತರ ಎರಡು ಬಂದರೂ ಸರಿ, ಸೊನ್ನೆ ಬಂದರೂ ಸರಿ. ಆ ಹುಡುಗಿಯ ನೋಟ್ ಪುಸ್ತಕ ಮುಂದಿನ ಪ್ರದರ್ಶನಕ್ಕೆ ಬರುತ್ತದೆಂದು ಅವಳ ಶಿಕ್ಷಕರು ಹೇಳಿದ್ದಾರೆ. ಥರ್ಮೊಕೋಲಿನ ಮನೆ ಈ ಸಲ ಇರುವುದಿಲ್ಲವಂತೆ.